ಎತ್ತರದ ಮರಗಳಲ್ಲಿನ ಒಣಕೊಂಬೆಗಳನ್ನು ತೆಗೆಯುವ ಕ್ರಮ

(ಗ್ರಾಮಸ್ಥರ ಸಭೆಯಲ್ಲಿ ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು ಮಾಡಿದ ಭಾಷಣ)



ಈ ದಿನ ಬೆಳಿಗ್ಗೆ ನಿಮ್ಮ ಕೆರೆಯ ಹಿಂದಣ ಮಾವಿನ ತೋಪನ್ನು ನೋಡಿಕೊಂಡು ಬಂದೆನು. ಹಿರಿಯರು ನೆಟ್ಟ ಮರಗಳು ಒಂದೊಂದೂ 50-60 ಅಡಿ ಎತ್ತರಕ್ಕೆ ಬೆಳೆದಿರುವುವು. ಎಣಿಸಿ ನೋಡಲಾಗಿ 17 ಮರಗಳಲ್ಲಿ ದೊಡ್ಡ ಒಣಕೊಂಬೆಗಳಿದ್ದುವು. ಅವುಗಳಲ್ಲೊಂದು ಕಣದ ಮೇಲೆಯೇ ಚಾಚಿಕೊಂಡಿದೆ. ಅದರ ಕೆಳಗೆ ಮಕ್ಕಳು ಆಡುತ್ತಿದ್ದರು. ಗೊಬ್ಬರದ ವಿಷಯವಾಗಿ ಮಾತನಾಡಬೇಕೆಂದು ಬಂದವನು ಅದನ್ನು ಬದಿಗಿಟ್ಟು ಇದನ್ನೇ ಎತ್ತಿಕೊಂಡಿದ್ದೇನೆ.

ಕೊಂಬೆಯು ಒಣಗುವುದಕ್ಕೆ ಕಾರಣಗಳು ಹಲವು. ಮೇಲಿನ ಸೊಪ್ಪಿನ ನೆರಳು ಬಿದ್ದು ಒಳಗೊಂಬೆಗಳು ಬಿಸಿಲಿಲ್ಲದೆ ಸಾಯುವುವು. ಮಾವಿನಲ್ಲಿ ಕಾಂಡ ಕೊರೆಯುವ ಹುಳುವು ಒಳಗೆ ಸೇರಿ ಮರದ ಪುಡಿಯನ್ನು ಹೊರಗೆ ತಳ್ಳುತ್ತಿರುವುದನ್ನು ನೀವು ಕಂಡಿರಬಹುದು. ತುದಿಯಿಂದ ಕೆಳಮುಖವಾಗಿ ಒಣಗುತ್ತಾ ಬರುವ ಬೂಷ್ಟುರೋಗವೂ ಒಂದುಂಟು. ಎಲೆ ಉದುರಿದ್ದೆಲ್ಲ ಸತ್ತ ಕೊಂಬೆಯಲ್ಲ. ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸುರಿದ್ದರೆ ಅದು ಜೀವಂತವಾದುದು. ಕೈಗೆಟುಕದ ಕೊಂಬೆಯಾದರೆ ಉಳಿದ ಮರವೆಲ್ಲಾ ಸೊಪ್ಪಾಗಿರುವಾಗ ನೋಡತಕ್ಕದ್ದು. ಹಿಂಗಾರು ಮಳೆ ನಿಂತು ಕಾಂಡದ ಜಾರಿಕೆ ಹೋದಮೇಲೆ, ಮಾವು ಹೂಬಿಡುವುದಕ್ಕೆ ಮುಂಚಿತವಾಗಿ ಈ ಕೆಲಸವನ್ನು ಮುಗಿಸಿದರೆ, ಮುಂಗಾರಿನ ಮೊದಲ ಬಿರುಗಾಳಿಗೆ ಅವು ಯಾರ ತಲೆಯ ಮೇಲೂ ಬೀಳವು.

ಈಗ ಮುಖ್ಯವಾದ ಮಾತು. ನಾನು ಬಾಲಕನಾಗಿದ್ದಾಗ ನನ್ನ ಸೋದರಮಾವನವರ ಹೊಲದ ಹುಣಿಸೆಯ ಮರದಲ್ಲಿ ಇಂಥದೇ ಒಂದು ಕೊಂಬೆಯಿತ್ತು. ಮರ ಹತ್ತುವುದರಲ್ಲಿ ಹೆಸರಾದ ಆಳೊಬ್ಬನನ್ನು ಕರೆಯಿಸಿದರು. ಕೊಂಬೆಯ ಬುಡವು ಕಣ್ಣಿಗೆ ಗಟ್ಟಿಯಾಗಿಯೇ ಕಾಣುತ್ತಿತ್ತು, ಒಳಗೆಲ್ಲ ಪುಡಿಯಾಗಿತ್ತು. ಅವನು ಅದರ ಮೇಲೆ ಒಂದು ಕಾಲನ್ನಿಟ್ಟನು, ಅಷ್ಟೆ. ಬೆನ್ನುಮೂಳೆ ಮುರಿದು, ಆಮೇಲೆ 11 ವರ್ಷ ತನ್ನ ಮನೆಯ ಜಗಲಿಯ ಮೇಲೆಯೇ ಕಾಲ ಕಳೆದನು. ಆ ಕೊಂಬೆಯ ಸೌದೆ ನಮ್ಮ ಒಲೆಗೆ ಎರಡು ದಿನಕ್ಕೂ ಸಾಲಲಿಲ್ಲ. ಹತ್ತೆಂದು ಹೇಳಿದವರು ನಮ್ಮ ಮನೆಯವರೇ.

ಆದುದರಿಂದ ನಿಮ್ಮಲ್ಲಿ ನನ್ನ ಪ್ರಾರ್ಥನೆಯೇನೆಂದರೆ, ನೆಲದ ಮೇಲೆ ನಿಂತು ತೆಗೆಯಬಹುದಾದ ಕೊಂಬೆಗೆ ಮನುಷ್ಯನನ್ನು ಹತ್ತಿಸಬೇಡಿರಿ. 15-20 ಅಡಿಯೊಳಗಿನದಕ್ಕೆ ಉದ್ದನೆಯ ಗಳುವಿನ ತುದಿಗೆ ಬಾಗಿದ ಗರಗಸವನ್ನು ಬಿಗಿದರೆ ಸಾಕು. ಗಳುವನ್ನು ಹಿಡಿದವನು ಕೊಂಬೆಯ ನೇರ ಕೆಳಗೆ ನಿಲ್ಲದೆ ಓರೆಯಾಗಿ ನಿಲ್ಲಬೇಕು. ಅದಕ್ಕೂ ಮೇಲಿನದಾದರೆ, ಸಣ್ಣ ಚೀಲದಲ್ಲಿ ಮರಳು ತುಂಬಿ, ತೆಳ್ಳನೆಯ ಹುರಿಗೆ ಕಟ್ಟಿ ಕೊಂಬೆಯಾಚೆ ಬೀಳುವಂತೆ ಎಸೆಯತಕ್ಕದ್ದು. ನಾಲ್ಕೈದು ಸಲ ತಪ್ಪುವುದು ಸಹಜ. ಹುರಿಯು ದಾಟಿದ ಬಳಿಕ ಅದರ ತುದಿಗೆ ದಪ್ಪ ಹಗ್ಗವನ್ನು ಕಟ್ಟಿ ಎಳೆದುಕೊಂಡು, ಎರಡು ತುದಿಗಳನ್ನೂ ಸೇರಿಸಿ ಹಿಡಿದು, ಮರದ ಎತ್ತರಕ್ಕಿಂತಲೂ ದೂರ ನಿಂತು ಜಗ್ಗಬೇಕು. ಹಗ್ಗವು ಅಷ್ಟು ದೂರಕ್ಕೆ ಬಾರದಿದ್ದರೆ ಇನ್ನೊಂದನ್ನು ಗಂಟುಹಾಕಿಕೊಳ್ಳಿ. ಕೈಗೆ ಸುತ್ತಿಕೊಳ್ಳಕೂಡದು. ಒಣಕೊಂಬೆ ಪಟ್ಟನೆ ಮುರಿಯುವುದು. ಹೀಗೆ ಮುರಿದಾಗ ಒಂದು ಮೋಟು ಉಳಿಯುವುದು ನಿಜ, ಅಂದವಾಗಿ ಕಾಣದು. ಉಳಿಯಲಿ.

ಜಗ್ಗಿದರೂ ಬಾರದೆ, ಹತ್ತಲೇಬೇಕಾದಲ್ಲಿ ಎದೆ, ಸೊಂಟ, ತೊಡೆಗಳನ್ನು ಹಿಡಿಯುವ ಪಟ್ಟಿಯನ್ನೂ ತಲೆಗೆ ಗಟ್ಟಿ ಟೋಪಿಯನ್ನೂ ಹಾಕಿಕೊಂಡು, ಈ ಕೆಲಸದಲ್ಲಿ ಪಳಗಿದವನೇ ಹತ್ತಬೇಕು. ಅವನ ಹಗ್ಗವೂ ಹೆಜ್ಜೆಯೂ ಜೀವಂತ ಮರದ ಮೇಲೆಯೇ ಇರತಕ್ಕದ್ದು. ಹತ್ತುವ ಮುನ್ನ ಹೆಜ್ಜೇನಿನ ಹುಟ್ಟು, ಕೆಂಜಿಗದ ಗೂಡುಗಳಿವೆಯೇ ಎಂದು ನೋಡಿ. ವಿದ್ಯುತ್ತಿನ ತಂತಿಯು ಸಮೀಪದಲ್ಲಿದ್ದರೆ ಹತ್ತುವುದೂ ಬೇಡ, ಗಳು ಎತ್ತುವುದೂ ಬೇಡ. ಹಸಿ ಬಿದಿರಿನ ಮೂಲಕವೂ ವಿದ್ಯುತ್ತು ಹರಿಯುವುದು. ವಿದ್ಯುತ್ ಕಚೇರಿಯವರು ಬಂದು ಪ್ರವಾಹವನ್ನು ನಿಲ್ಲಿಸುವವರೆಗೆ ಕಾಯಿರಿ.

ಕಡಿಯುವ ಜಾಗದ ವಿಷಯದಲ್ಲಿ ಹಳಬರು ತಪ್ಪನ್ನೇ ಕಲಿಸಿದ್ದರು. ಕಾಲೇಜಿನಲ್ಲಿ ನಾನೂ ಅದನ್ನೇ ಕಲಿತೆನು. ಕಾಂಡಕ್ಕೆ ಸಮನಾಗಿ ನುಣ್ಣಗೆ ಕೊಯ್ದು ಟಾರು ಬಳಿಯಬೇಕೆಂಬುದು ಆ ಪಾಠ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೋ ಎಂಬ ವಿದ್ವಾಂಸರು ಸಾವಿರಾರು ಮರಗಳನ್ನು ಸೀಳಿ ನೋಡಿ, ಮರವು ತನ್ನ ಗಾಯವನ್ನು ನಮ್ಮ ಚರ್ಮದಂತೆ ಮಾಯಿಸಿಕೊಳ್ಳದೆ, ಕೊಳೆತ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಬೇರ್ಪಡಿಸುವುದೆಂದು 1977ರಲ್ಲಿ ವಿವರವಾಗಿ ಪ್ರಕಟಿಸಿದರು. ಕೊಂಬೆಯು ಕಾಂಡವನ್ನು ಸೇರುವಲ್ಲಿ ಬಳೆಯಂಥ ಒಂದು ಉಬ್ಬು ಇರುವುದಷ್ಟೆ. ಆ ಗೋಡೆಗೆ ಬೇಕಾದ ಸಾಮಗ್ರಿಯೆಲ್ಲಾ ಅಲ್ಲಿರುವುದು. ಕೊಂಬೆ ಸತ್ತಿದ್ದರೂ ಉಬ್ಬು ಸತ್ತಿರುವುದಿಲ್ಲ. ಅದನ್ನು ಕೊಯ್ದರೆ ಕಾಂಡಕ್ಕೆ ಕೊಳೆ ಹೋಗಲು ಬಾಗಿಲು ತೆರೆದಂತಾಯಿತು. ಉಬ್ಬಿನ ಹೊರಗಡೆಗೆ ಮಾತ್ರ ಕೊಯ್ಯಿರಿ. ಭಾರವಾದ ಕೊಂಬೆಯಾದರೆ, ಕಾಂಡದಿಂದ ಒಂದು ಮೊಳ ಈಚೆಗೆ ಮೊದಲು ಅಡಿಯಿಂದ ಮೂರರಲ್ಲೊಂದು ಪಾಲು ಕೊಯ್ದು, ಅದಕ್ಕೂ ಎರಡು ಬೆರಳು ಹೊರಗೆ ಮೇಲಿನಿಂದ ಕೊಯ್ದು ಕೆಡವಿ, ಕಡೆಗೆ ಮೋಟನ್ನು ತೆಗೆಯಿರಿ. ಹೀಗೆ ಮಾಡಿದರೆ ಕೊಂಬೆಯು ಕಾಂಡದ ತೊಗಟೆಯನ್ನು ಸಿಗಿದುಕೊಂಡು ಬೀಳುವುದಿಲ್ಲ.

ಸಾಧಾರಣವಾಗಿ ಗಾಯಕ್ಕೆ ಟಾರಾಗಲಿ ಸಗಣಿಯಾಗಲಿ ಬೇಕಿಲ್ಲ. ಮಾವಿನ ತುದಿಯೊಣಗುವ ರೋಗದಲ್ಲಿ ಮಾತ್ರ, ಒಣಗಿದ್ದಕ್ಕಿಂತ 3 ಅಂಗುಲ ಕೆಳಗೆ ಜೀವವಿರುವಲ್ಲಿ ಕೊಯ್ದು ಬೋರ್ಡೋ ಮುಲಾಮನ್ನು ಹಚ್ಚಿರಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರು ನೀರು. ಕಬ್ಬಿಣದ ಪಾತ್ರೆ ಕೂಡದು.

ಊರಾಚೆ, ಯಾರೂ ನಡೆಯದ ಕಡೆ ಇರುವ ಒಣಕೊಂಬೆ ರೋಗದ್ದಲ್ಲವಾದರೆ ಹಾಗೆಯೇ ಬಿಡಿ. ಅದರ ಪೊಟರೆಯಲ್ಲಿ ಹಾಲಕ್ಕಿ ಗೂಡುಮಾಡಿದರೆ ನಿಮ್ಮ ಹೊಲದ ಇಲಿಗಳನ್ನು ಹಿಡಿಯುವುದು. ಅದರ ಕೂಗು ಅಪಶಕುನವೆಂದು ಕೆಲವರೆನ್ನುವರು; ಇಲಿ ತಿಂದ ರಾಗಿಯ ಲೆಕ್ಕವನ್ನು ಅವರೇ ಹೇಳಲಿ.

ನಾಳೆ ಬಿಸಿಲೇರುವುದಕ್ಕೆ ಮುಂಚೆ ಕಣದ ಮೇಲಿನ ಕೊಂಬೆಯನ್ನು ಜಗ್ಗಿ ಕೆಡವಿ ತೋರಿಸುವೆನು. ಗರಗಸವೂ ಹುರಿಯೂ ನನ್ನಲ್ಲಿವೆ. 100 ಅಡಿಯ ಗಟ್ಟಿ ಹಗ್ಗಗಳೆರಡನ್ನು ಯಾರಾದರೂ ತರಬೇಕು. ಅಲ್ಲಿಯವರೆಗೆ ಆ ಮರದ ಸುತ್ತ ಮುಳ್ಳು ಹಾಕಿಸಿ ಮಕ್ಕಳನ್ನು ದೂರವಿಡಿರಿ.