ಮಾಗಿದ ಉಸಿರು

ಜಾಝ್ ಸಂಗೀತ ಹುಟ್ಟಿದ್ದು ಅಮೆರಿಕದಲ್ಲಿ. ಅದರ ಮುಖ್ಯ ವಾದ್ಯಗಳಲ್ಲಿ ಒಂದಾದ ಸ್ಯಾಕ್ಸೋಫೋನ್ ಹುಟ್ಟಿದ್ದು ಯೂರೋಪಿನಲ್ಲಿ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ ೧೮೪೬ರಲ್ಲಿ ಪ್ಯಾರಿಸ್ಸಿನಲ್ಲಿ ಇದಕ್ಕೆ ಪೇಟೆಂಟ್ ಪಡೆದ. ವಾದ್ಯದ ಮೈ ಹಿತ್ತಾಳೆಯದು. ಆದರೆ ನಾದ ಹುಟ್ಟುವುದು ಬಾಯಿಯ ಬಳಿ ಬಿಗಿದ ಜೊಂಡಿನ ತೆಳುವಾದ ಪಟ್ಟಿಯಲ್ಲಿ. ಆದ್ದರಿಂದಲೇ ವಾದಕನ ಉಸಿರಿನ ಪ್ರತಿಯೊಂದು ನಡುಕವೂ ಅದರಲ್ಲಿ ಕೇಳಿಸುತ್ತದೆ.

ಈ ವಾದ್ಯ ನಮಗೆ ಹೊಸದಲ್ಲ. ನಾಗಸ್ವರದ ಮನೆತನದಿಂದ ಬಂದ ಕದ್ರಿ ಗೋಪಾಲನಾಥರು (೧೯೪೯–೨೦೧೯) ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಅವರು ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪನವರ ಜೊತೆಗೂಡಿ ನುಡಿಸಿದ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ ೨೦೦೮ರಲ್ಲಿ ಹೊರಬಂತು. ನನ್ನಂಥವನು ಜಾಝ್‌ನ ಅಂಗಳಕ್ಕೆ ಕಾಲಿಟ್ಟದ್ದು ಆ ಬಾಗಿಲಿನಿಂದ. ನಾನು ಸಂಗೀತಶಾಸ್ತ್ರ ಬಲ್ಲವನಲ್ಲ. ಬಹುಕಾಲ ಕನ್ನಡ ಕಾವ್ಯವನ್ನು ಪಾಠ ಹೇಳಿದವನು. ಇತ್ತೀಚಿನ ವರ್ಷಗಳಲ್ಲಿ ಬಂದ ಮೂರು ಮುದ್ರಿಕೆಗಳನ್ನು ಕೇಳಿದಾಗ ನನ್ನ ಮನಸ್ಸಿಗೆ ಹೊಳೆದುದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲನೆಯದು ೨೦೨೧ರಲ್ಲಿ ಬಂದ ‘ಪ್ರಾಮಿಸಸ್’. ಇದನ್ನು ರಚಿಸಿದವರು ‘ಫ್ಲೋಟಿಂಗ್ ಪಾಯಿಂಟ್ಸ್’ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಇಂಗ್ಲೆಂಡಿನ ಸ್ಯಾಮ್ ಶೆಪರ್ಡ್. ಲಂಡನ್ ಸಿಂಫನಿ ಆರ್ಕೆಸ್ಟ್ರಾದ ತಂತಿವಾದ್ಯಗಳು ಇದರಲ್ಲಿವೆ. ಸ್ಯಾಕ್ಸೋಫೋನ್ ನುಡಿಸಿದವರು ಫೆರೋ ಸ್ಯಾಂಡರ್ಸ್. ೧೯೬೦ರ ದಶಕದ ನಡುವಿನಲ್ಲಿ ಜಾನ್ ಕೋಲ್ಟ್ರೇನರ ಸಂಗಡ ನುಡಿಸುತ್ತಿದ್ದಾಗ ಇವರ ವಾದ್ಯ ಚೀರುತ್ತಿತ್ತು, ಗರ್ಜಿಸುತ್ತಿತ್ತು. ಆ ಕಾಲದ ಮುದ್ರಿಕೆಗಳನ್ನು ಕೇಳಿದವರಿಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿದ್ದರೆ ಆಶ್ಚರ್ಯವಿಲ್ಲ. ‘ಪ್ರಾಮಿಸಸ್’ ಹೊರಬಂದಾಗ ಅವರಿಗೆ ಎಂಬತ್ತು ವರ್ಷ. ಸುಮಾರು ಮುಕ್ಕಾಲು ಗಂಟೆಯ ಈ ಕೃತಿಯ ಉದ್ದಕ್ಕೂ ಏಳು ಸ್ವರಗಳ ಒಂದು ಪುಟ್ಟ ತುಣುಕು ಮತ್ತೆ ಮತ್ತೆ ಬರುತ್ತದೆ. ಸ್ಯಾಂಡರ್ಸ್ ಅದರ ಮೇಲೆ ಒಂದೆರಡು ನುಡಿ ನುಡಿಸಿ ಸುಮ್ಮನಾಗುತ್ತಾರೆ; ಮತ್ತೆ ಬರುತ್ತಾರೆ. ಒಂದೆಡೆ ವಾದ್ಯವನ್ನು ಬದಿಗಿಟ್ಟು, ಮಾತಿಲ್ಲದ ಗುನುಗುವಿಕೆಯಲ್ಲಿ ಬರಿಯ ಕಂಠವನ್ನೇ ಕೇಳಿಸುತ್ತಾರೆ. ಏಳು ಸ್ವರಗಳ ಆವರ್ತನೆ ಕೆಲವರಿಗೆ ಬೇಸರ ತರಬಹುದು. ನನಗೂ ಮೊದಲ ಸಲ ತಂದಿತು. ಎರಡನೆಯ ಸಲ ಕೇಳಿದಾಗ ಅದು ಶ್ರುತಿಯಂತೆ ಹಿಂದೆ ಸರಿದು, ಮುದುಕರ ಉಸಿರಷ್ಟೇ ಮುಂದೆ ನಿಂತಿತು. ೨೦೨೨ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು.

ಎರಡನೆಯದು ಚಾರ್ಲ್ಸ್ ಲಾಯ್ಡ್ ಅವರ ‘ದಿ ಸ್ಕೈ ವಿಲ್ ಸ್ಟಿಲ್ ಬಿ ದೇರ್ ಟುಮಾರೋ’. ನಾಳೆಯೂ ಆಕಾಶ ಇದ್ದೇ ಇರುತ್ತದೆ ಎಂಬುದು ಹೆಸರಿನ ತಾತ್ಪರ್ಯ. ೨೦೨೪ರ ಮಾರ್ಚ್ ೧೫ರಂದು, ಅವರ ಎಂಬತ್ತಾರನೆಯ ಹುಟ್ಟುಹಬ್ಬದ ದಿನವೇ, ಇದು ಬಿಡುಗಡೆಯಾಯಿತು. ಜೇಸನ್ ಮೊರಾನ್ ಅವರ ಪಿಯಾನೊ, ಲ್ಯಾರಿ ಗ್ರೆನೇಡಿಯರ್ ಅವರ ಬಾಸ್, ಬ್ರಯನ್ ಬ್ಲೇಡ್ ಅವರ ಡ್ರಮ್ ಜೊತೆಗಿವೆ. ಗಾಯಕಿ ಬಿಲಿ ಹಾಲಿಡೇ, ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಇಂಥ ಅಗಲಿದವರ ನೆನಪುಗಳು ಇಲ್ಲಿ ಸುಳಿಯುತ್ತವೆ. ಲಾಯ್ಡ್ ಸ್ವರವನ್ನು ನೇರವಾಗಿ ಹಿಡಿಯುವುದಿಲ್ಲ. ಅದರ ಅಂಚನ್ನು ಸವರಿ, ತಡೆದು, ಮೆಲ್ಲಗೆ ಒಳಗೆ ಬರುತ್ತಾರೆ. ಒಂದೂವರೆ ಗಂಟೆ ದೀರ್ಘವೇ ಆಯಿತೆಂದು ಹೇಳದಿರಲಾರೆ. ಹಿರಿಯರು ಹಳೆಯದನ್ನು ನೆನೆಯತೊಡಗಿದರೆ ಹೊತ್ತಿನ ಲೆಕ್ಕ ತಪ್ಪುವುದು ಸಹಜ. ಆದರೆ ಆ ನೆನಪಿನಲ್ಲಿ ಗೋಳು ಇಲ್ಲ.

ಮೂರನೆಯವರು ತರುಣ, ೧೯೯೭ರಲ್ಲಿ ಹುಟ್ಟಿದ ಇಮ್ಯಾನುಯೆಲ್ ವಿಲ್ಕಿನ್ಸ್. ೨೦೨೨ರ ‘ದಿ ಸೆವೆಂತ್ ಹ್ಯಾಂಡ್’ ಏಳು ಭಾಗಗಳ ಕೃತಿ. ಕೊನೆಯದಾದ ‘ಲಿಫ್ಟ್’ ಎಂಬ ಭಾಗ ಒಂದೇ ಸುಮಾರು ಇಪ್ಪತ್ತಾರು ನಿಮಿಷ. ಅಲ್ಲಿ ನಾಲ್ವರೂ ಬರೆದಿಟ್ಟ ಸ್ವರಗಳ ಆಸರೆಯನ್ನು ಬಿಟ್ಟು, ಆ ಗಳಿಗೆಯಲ್ಲಿ ತೋಚಿದುದನ್ನು ಒಟ್ಟಾಗಿ ನುಡಿಸುತ್ತಾರೆ. ಅದು ನೆರೆ ಬಂದ ಹೊಳೆಯಂತಿದೆ. ಅದನ್ನು ಕೇಳಿ ನಾನು ದಣಿದೆ. ಆದರೂ ಒಂದು ಮಾತು ಸ್ಪಷ್ಟವಾಯಿತು: ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಸ್ಯಾಂಡರ್ಸ್ ಚೀರಿದ್ದೂ ಈ ಹೊಳೆಯ ದಡದಲ್ಲಿಯೇ.

ನಮ್ಮ ಆಲಂಕಾರಿಕರು ಧ್ವನಿ ಎಂದು ಕರೆದದ್ದು ಹೇಳಿದ ಮಾತನ್ನಲ್ಲ, ಹೇಳದೆ ಸೂಚಿಸಿದ್ದನ್ನು. ವಯಸ್ಸಾದ ಕವಿ ಕಿರಿದಾಗಿ ಬರೆದರೆ ಅವನ ಶಕ್ತಿ ಉಡುಗಿತೆಂದು ನಾವು ಬೇಗ ತೀರ್ಪು ಕೊಡುತ್ತೇವೆ. ಶಕ್ತಿ ಉಡುಗುವುದು ಸುಳ್ಳಲ್ಲ. ಎಂಬತ್ತರ ಪುಪ್ಪುಸಕ್ಕೆ ಇಪ್ಪತ್ತೈದರ ಬಲ ಇರಲಾರದು. ಆದರೆ ಉಳಿದ ಉಸಿರನ್ನು ಎಲ್ಲಿ ಖರ್ಚು ಮಾಡಬೇಕೆಂಬ ವಿವೇಕ ಆಗ ಬಂದಿರುತ್ತದೆ. ಸ್ಯಾಂಡರ್ಸರ ಎರಡು ಸ್ವರಗಳ ನಡುವಿನ ಮೌನ ಶೂನ್ಯವಲ್ಲ. ಆ ಹಳೆಯ ಗರ್ಜನೆಯೇ ಅದರೊಳಗೆ ಧ್ವನಿಯಾಗಿ ಉಳಿದಿದೆ. ಅಬ್ಬರವನ್ನು ಒಮ್ಮೆ ಅನುಭವಿಸಿದವನ ಮೌನಕ್ಕೆ ಮಾತ್ರ ಅಂಥ ತೂಕ ಬರುತ್ತದೆ ಎಂದು ನನಗೆ ತೋರುತ್ತದೆ. ಹಾಗಾಗಿ ತರುಣ ವಿಲ್ಕಿನ್ಸರ ನೆರೆಯನ್ನು ಬೇಡವೆನ್ನಲು ಮನಸ್ಸು ಬಾರದು. ಅದು ಹರಿಯಬೇಕಾದ ಕಾಲ ಇದು.

ಜಾಝ್ ತಮಗೆ ತಿಳಿಯುವುದಿಲ್ಲವೆಂದು ದೂರ ಉಳಿದವರು ‘ಪ್ರಾಮಿಸಸ್’ ಇಂದ ಆರಂಭಿಸಬಹುದು. ಬೇರಾವ ಕೆಲಸವನ್ನೂ ಇಟ್ಟುಕೊಳ್ಳದೆ, ಸಾಧ್ಯವಾದರೆ ರಾತ್ರಿಯ ಹೊತ್ತು, ಎರಡು ಸಲ ಕೇಳಬೇಕು. ರಾಗ ತಾಳಗಳ ಲೆಕ್ಕ ಬೇಕಿಲ್ಲ. ವಯಸ್ಸಾದವರೊಬ್ಬರು ನಿಧಾನವಾಗಿ ಮಾತನಾಡುವಾಗ ನಾವು ಕೊಡುವಷ್ಟು ಗಮನ ಕೊಟ್ಟರೆ ಸಾಕು.