ಪೂಜೆಯ ನುಡಿ, ಜನರ ನುಡಿ

ಅರ್ಥವಾಗದ ಭಾಷೆಯಲ್ಲಿ ಮಾಡಿದ ಪ್ರಾರ್ಥನೆ ದೇವರಿಗೆ ಮುಟ್ಟುವುದೆ? ಮುಟ್ಟೀತು, ದೇವರಿಗೆ ತಿಳಿಯದ ಭಾಷೆ ಯಾವುದಿದೆ? ಪ್ರಾರ್ಥಿಸಿದವನಿಗೆ ಅದು ಮುಟ್ಟಿತೆ ಎಂಬುದು ಬೇರೆ ಪ್ರಶ್ನೆ. ರೋಮಿನ ಕಥೋಲಿಕ ಸಭೆ ಈ ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಂಡ ಬಗೆಯನ್ನು ನಿಮ್ಮ ಮುಂದಿಡುತ್ತೇನೆ.

1570ರಲ್ಲಿ ಐದನೆಯ ಪಯಸ್ ಪೋಪರು ಗೊತ್ತುಮಾಡಿದ ಪೂಜಾವಿಧಿ ಸುಮಾರು 400 ವರ್ಷ ನಡೆಯಿತು. ರೋಮಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಪೂಜೆಯ ಭಾಷೆ ಲ್ಯಾಟಿನ್ನೇ. ಪಾದ್ರಿಗಳು ಪೀಠದತ್ತ ಮುಖಮಾಡಿ ಎಷ್ಟೋ ಪ್ರಾರ್ಥನೆಗಳನ್ನು ಪಿಸುದನಿಯಲ್ಲಿ ಹೇಳುವರು; ಹಿಂದೆ ಮೊಣಕಾಲೂರಿದ ಅಜ್ಜಿ ತನ್ನ ಜಪಮಾಲೆಯನ್ನು ತಾನು ಎಣಿಸುತ್ತಿರುವಳು. ಅವಳ ಭಕ್ತಿಗೇನೂ ಕೊರತೆಯಿಲ್ಲ. ಪೂಜೆಯಲ್ಲಿ ಅವಳ ಪಾಲೆಷ್ಟು ಎಂಬುದೇ ಮಾತು. ವಿಚಿತ್ರವೆಂದರೆ, ಲ್ಯಾಟಿನ್ ಅಲ್ಲಿಗೆ ಬಂದದ್ದೂ ಜನರ ನುಡಿಯೆಂದೇ. ಮೊದಲ ಶತಮಾನಗಳಲ್ಲಿ ರೋಮಿನ ಕ್ರೈಸ್ತರ ಪೂಜೆ ಗ್ರೀಕಿನಲ್ಲಿತ್ತು. ಊರವರ ಆಡುಮಾತು ಲ್ಯಾಟಿನ್ ಆದುದರಿಂದ ಪೂಜೆಯೂ ಅದಕ್ಕೆ ತಿರುಗಿತು. ಮುಂದೆ ಆಡುವವರು ಇಲ್ಲವಾದರು, ನುಡಿ ಮಾತ್ರ ಪೀಠದಲ್ಲಿ ಉಳಿಯಿತು.

ಇಪ್ಪತ್ತಮೂರನೆಯ ಜಾನ್ ಪೋಪರು 1962ರಲ್ಲಿ ವ್ಯಾಟಿಕನ್ನಿನಲ್ಲಿ ಮಹಾಸಭೆಯನ್ನು ಕೂಡಿಸಿದಾಗ 2,000ಕ್ಕೂ ಹೆಚ್ಚು ಧರ್ಮಾಧ್ಯಕ್ಷರು ನೆರೆದರು. ಪೂಜೆಯಲ್ಲಿ ತಾಯ್ನುಡಿಗೆ ಎಡೆಕೊಡುವ ಶಾಸನ 1963ರ ಡಿಸೆಂಬರ್ 4ರಂದು ಹೊರಟಿತು. ಪರವಾಗಿ 2,147 ಮತ, ವಿರುದ್ಧವಾಗಿ ನಾಲ್ಕೇ. ಪಾದ್ರಿಗಳು ಜನರತ್ತ ತಿರುಗಿದರು. ಜನ ಬಾಯಿಬಿಟ್ಟು ಉತ್ತರ ಕೊಡತೊಡಗಿದರು.

ಹನ್ನೆರಡನೆಯ ಶತಮಾನದ ಶರಣರನ್ನು ಓದಿದ ಕನ್ನಡಿಗರಿಗೆ ಇದು ಹೊಸ ಸಂಗತಿಯಲ್ಲ. ಪ್ರಾಟೆಸ್ಟೆಂಟರಿಗೂ ಹೊಸತಲ್ಲ: ಬಾಸೆಲ್ ಮಿಷನ್ನಿನ ಕಿಟ್ಟೆಲರು 1862ರಲ್ಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತೆಯನ್ನು ನಮ್ಮ ಛಂದಸ್ಸಿಗೆ ಇಳಿಸಿದ್ದರು.

ನುಡಿಯ ಹಿಂದೆಯೇ ನಡೆಯ ಪ್ರಶ್ನೆಯೂ ಬಂತು. 1969ರಲ್ಲಿ ರೋಮ್ ಭಾರತದ ಪೂಜೆಗೆಂದು ಹನ್ನೆರಡು ಮಾರ್ಪಾಟುಗಳನ್ನು ಒಪ್ಪಿತು. ಪಾದರಕ್ಷೆ ಕಳಚಿ ನೆಲದ ಮೇಲೆ ಕುಳಿತುಕೊಳ್ಳಬಹುದು, ಕೈಮುಗಿಯಬಹುದು, ಮೇಣದ ಬತ್ತಿಯ ಬದಲು ಎಣ್ಣೆಯ ದೀಪ ಹಚ್ಚಬಹುದು, ಆರತಿ ಎತ್ತಬಹುದು. ಈ ಕೆಲಸಕ್ಕೆ ನೆಲೆಯಾದದ್ದು ಬೆಂಗಳೂರಿನ ಒಂದು ಕೇಂದ್ರ. ಅದರ ಮುಂದಾಳು ಅಮಲೋರ್ಪವದಾಸ್ ಪಾದ್ರಿಗಳು ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನು ಕಟ್ಟಿದರು. ಆದರೆ ಎಲ್ಲರೂ ಹಿಗ್ಗಲಿಲ್ಲ. ಇದು ನಮ್ಮ ಧರ್ಮವನ್ನೇ ಕಲಸಿಬಿಡುವುದೆಂದು ಕೆಲವರು ಸಿಟ್ಟಾದರು. ದಲಿತ ಕ್ರೈಸ್ತರಲ್ಲಿ ಕೆಲವರ ಆಕ್ಷೇಪಣೆ ಇನ್ನೂ ತೂಕದ್ದು: ಭಾರತೀಯವೆಂದು ತಂದದ್ದೆಲ್ಲ ಮೇಲ್ಜಾತಿಯವರ ಆಚಾರವೇ ಏಕೆ? ನಮ್ಮನ್ನು ಹೊರಗಿಟ್ಟ ಗುಡಿಯ ದೀಪವನ್ನೇ ಇಲ್ಲಿಯೂ ಹಚ್ಚಬೇಕೆ? ಈ ಪ್ರಶ್ನೆಯನ್ನು ಹಾರಿಸಿ ಹೋಗುವಂತಿಲ್ಲ.

ಕನ್ನಡ ಪಂಡಿತನಾಗಿ ನನಗೆ ತೋರುವುದನ್ನೂ ಹೇಳಿಬಿಡುತ್ತೇನೆ. ಲ್ಯಾಟಿನ್ನನ್ನು ಇಳಿಸಿದ ಪೀಠಕ್ಕೆ ಉದ್ದುದ್ದ ಸಮಾಸಗಳ ಕನ್ನಡವನ್ನು ಏರಿಸಿದರೆ ಆ ಅಜ್ಜಿ ಮತ್ತೆ ಜಪಮಾಲೆಗೇ ಕೈಹಾಕುವಳು. ನಮ್ಮ ವರ್ಗದವರಿಗೆ ಸಂಸ್ಕೃತದ ಘನತೆ ಹಿತ. ಕೂಲಿಯಿಂದ ಬಂದವಳಿಗೆ ‘ಕರುಣೆ ತೋರು’ ಎಂದರೆ ಸಾಕು. ಇನ್ನು ತಾಯ್ನುಡಿಯೆಂದರೆ ಯಾರ ತಾಯಿಯದು? ಕರಾವಳಿಯ ಬಹುಪಾಲು ಕಥೋಲಿಕರದು ಕೊಂಕಣಿ. ಬೆಂಗಳೂರಿನ ಇಗರ್ಜಿಗಳಲ್ಲಿ ಕನ್ನಡಕ್ಕೂ ತಮಿಳಿಗೂ ಜಗಳವೇ ನಡೆದುಹೋಗಿದೆ.

ಅತ್ತ ಹಳೆಯ ಲ್ಯಾಟಿನ್ ಪೂಜೆಯೂ ಅಳಿದಿಲ್ಲ. 2007ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಪೋಪರು ಅದಕ್ಕೆ ಬಾಗಿಲನ್ನು ಅಗಲವಾಗಿ ತೆರೆದರು. 2021ರಲ್ಲಿ ಫ್ರಾನ್ಸಿಸ್ ಪೋಪರು ಅದನ್ನು ಮತ್ತೆ ಕಿರಿದುಮಾಡಿದರು. ಅದನ್ನು ಬೇಡುತ್ತಿರುವವರಲ್ಲಿ ಮಹಾಸಭೆ ಮುಗಿದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ತರುಣರೂ ಇದ್ದಾರೆ.