ನೀರು ಮತ್ತು ನ್ಯಾಯ
(ಶತಮಾನೋತ್ಸವ ಸಭೆಯಲ್ಲಿ ಧರ್ಮಗುರುಗಳು ಮಾಡಿದ ಭಾಷಣ)



ಕೃಷ್ಣಾ ತುಂಗಭದ್ರೆಯರ ನಡುವಣ ನಮ್ಮ ರಾಯಚೂರು ಜಿಲ್ಲೆಯಲ್ಲಿ ಕುಡಿಯುವ ನೀರೇ ರೋಗಕ್ಕೆ ಕಾರಣವಾಗಿರುವುದು ವಿಪರ್ಯಾಸ. ಅನೇಕ ಗ್ರಾಮಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲುಗಳು ಕಲೆಗಟ್ಟತೊಡಗುತ್ತವೆ. ಇನ್ನೂ ಹೆಚ್ಚಾಗಿ, ವರ್ಷಗಟ್ಟಲೆ ಕುಡಿದವರ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ; ಕುದಿಸಿದರೂ ಹೋಗದು.

ಇದು ನೆಲದ ಗುಣವೆಂದು ಹೇಳಿ ಸುಮ್ಮನಾಗುವವರುಂಟು. ಗ್ರಾನೈಟ್ ಶಿಲೆಯಿಂದ ಅದು ಕರಗಿ ಬರುವುದು ನಿಜ. ಆದರೆ ಬಡವನನ್ನು ಅಷ್ಟು ಆಳದ ನೀರಿಗೆ ತಳ್ಳಿದವರು ಯಾರು? ಕೆರೆಗಳಲ್ಲಿ ಹೂಳು ತುಂಬಿತು, ತೆರೆದ ಬಾವಿಗಳು ಬತ್ತಿದವು. ಜೋಳ, ಹತ್ತಿಯಂತಹ ಅಲ್ಪನೀರಿನ ಬೆಳೆಗಳಿಗೆಂದು ಯೋಜಿಸಿದ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮೇಲ್ಭಾಗದ ಭತ್ತದ ಗದ್ದೆಗಳಲ್ಲಿ ನಿಂತಿತು. ಕೊನೆಭಾಗದವರು ಕೊಳವೆಬಾವಿ ಕೊರೆದರು. ಉಳ್ಳವನು ಶುದ್ಧನೀರಿನ ಕ್ಯಾನು ಕೊಂಡನು, ಕೂಲಿಯವನು ಕೈಪಂಪಿನ ಬಳಿಯಲ್ಲೇ ಉಳಿದನು. ಹಾಲು ಕಾಣದ ಮಗುವಿಗೆ ಅದೇ ನೀರು ಹೆಚ್ಚು ಕೇಡು ಮಾಡುತ್ತದೆ. ಪೂರ್ವ ಆಫ್ರಿಕದ ಬಿರುಕು ಕಣಿವೆಯ ಹಳ್ಳಿಗಳನ್ನೂ ಈ ರೋಗ ಕಾಡುತ್ತಿದೆ.

ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪತ್ರದಲ್ಲಿ ಶುದ್ಧನೀರನ್ನು ಮನುಷ್ಯನ ಮೂಲಭೂತ ಹಕ್ಕೆಂದರು. ನಾವು ಅದನ್ನು ಬಲಿಪೀಠದ ಬಳಿ ನಿಂತು ವಿವರಿಸಿ, ಗುರುನಿವಾಸಕ್ಕೆ ಬಂದು ಕ್ಯಾನಿನ ನೀರು ಕುಡಿದೆವು. ನಿಮ್ಮ ಮಕ್ಕಳಿಗೆ ಸ್ನಾನದೀಕ್ಷೆ ಕೊಟ್ಟದ್ದು ಮಾತ್ರ ಕೊಳವೆಬಾವಿಯ ನೀರಿನಿಂದ. ಇದನ್ನು ಮರೆಮಾಚಲಾರೆವು.

ಆದುದರಿಂದ ಗೋಪುರದ ದೀಪಾಲಂಕಾರದ ವೆಚ್ಚವನ್ನು ತಗ್ಗಿಸಿ, ಧರ್ಮಕೇಂದ್ರದ ಪ್ರತಿಯೊಂದು ಕೇರಿಯ ನೀರನ್ನು ಪರೀಕ್ಷೆಗೆ ಕಳುಹಿಸೋಣ. ಬಂದ ಅಂಕಿಗಳನ್ನು ದೇವಾಲಯದ ಬಾಗಿಲಲ್ಲಿ ಅಂಟಿಸಿ, ಅದೇ ಕಾಗದ ಹಿಡಿದು, ಎಲ್ಲ ಮತದ ನೆರೆಹೊರೆಯವರೊಡನೆ ಪಂಚಾಯತಿಗೆ ಹೋಗೋಣ.